ಸುಬ್ಬಕ್ಕನ ಹರಿವೆ ಮತ್ತು ಎರಡು ಚೀಲ ಬೂದಿ

ಕಾಗಾಲದ ವನಮಾಲಾಳ ಗದ್ದೆ ಬರೀ ಹೊಯಿಗೆ, ಮರಳು ಮಣ್ಣು. ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನಕ್ಕೆ ಪತ್ತೆಯಿರುತ್ತಿರಲಿಲ್ಲ. ಈರುಳ್ಳಿ ಮಡಿಗಳಿಗೆ ಕೊಡಪಾನ ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು. ಹಾಗಾಗಿ ರೈತರ ಸಭೆಯಲ್ಲಿ ಕೃಷಿ ಅಧಿಕಾರಿ, ಕಲ್ಲಿದ್ದಲು ಉರಿಸಿದ ಹಾರುಬೂದಿಯನ್ನು ಸಗಣಿ ಗೊಬ್ಬರದ ಜೊತೆ ಹದವಾಗಿ ಬೆರೆಸಿದರೆ ಇಂಥ ಮಣ್ಣು ನೀರು ಹಿಡಿಯುತ್ತದೆ ಎಂದಾಗ ಅವಳ ಕಿವಿ ನೆಟ್ಟಗಾಯಿತು. ಮೊದಲು ಮಣ್ಣು, ಬೂದಿ ಎರಡನ್ನೂ ಪರೀಕ್ಷೆ ಮಾಡಿಸಿ, ಒಂದೇ ಮಡಿಗೆ ಸ್ವಲ್ಪ ಹಾಕಿ ನೋಡಿ ಎಂದೂ ಅವರು ಹೇಳಿದ್ದರು. ಅವಳು ಹಾಗೇ ಮಾಡಿಸಿದಳು.

ಗಂಡ ದಿನಕರ ಆ ಬೂದಿಯಿಂದಲೇ ಇಟ್ಟಿಗೆ ಮಾಡುವ ಕಾರ್ಖಾನೆಯ ಟೆಂಪೋ ಓಡಿಸುತ್ತಿದ್ದ. ಅಧಿಕಾರಿ ಹೂಂ ಎಂದದ್ದೇ ತಡ, ಎರಡು ಚೀಲ ತಂದು ಇಳಿಸಿದ.

"ಒಂದು ಸಾಕಿತ್ತಲ್ರಿ?"

"ಇರ್ಲಿ ಮಾರಾಯ್ತಿ. ಹೆಚ್ಚು ಹಾಕಿದ್ರೆ ಹೆಚ್ಚು ಬೆಳೀತದೆ."

ಹೇಳುತ್ತಲೇ ಉತ್ಸಾಹದಿಂದ ಮೊದಲ ಚೀಲದ ಬಾಯಿ ಬಿಚ್ಚಿ ಕೊಡವಿದ. ಸಮುದ್ರದ ಕಡೆಯಿಂದ ಗಾಳಿ ಎದ್ದ ಹೊತ್ತು. ಅರ್ಧ ಚೀಲ ಬೂದಿ ಬೇಲಿ ದಾಟಿತು. ಆಚೆ ಪಕ್ಕದ ಮನೆಯ ಸುಬ್ಬಿ ಹರಿವೆ ಕೊಯ್ಯುತ್ತಿದ್ದಳು. ಬೂದಿಯ ಮೋಡ ಸರಿದಾಗ ಹರಿವೆಗೂ ಸುಬ್ಬಿಗೂ ಒಂದೇ ಬಣ್ಣ.

"ಎಂತ ದಿನಕರ, ಬದುಕಿದ್ದಾಗ್ಲೇ ನನ್ನ ಬೂದಿ ಮಾಡೂಕೆ ಹೊರಟ್ಯಾ?"

"ಗಾಳಿ ಸುಬ್ಬಕ್ಕ, ನಾನಲ್ಲ!"

"ಚೀಲ ಬಿಚ್ಚಿದ್ದೂ ಗಾಳಿಯೇನಾ?"

ಅಂದಿನಿಂದ ಸುಬ್ಬಿ ಮಾತು ಬಿಟ್ಟಳು. ಬೇಲಿಯ ಹತ್ತಿರ ಬಂದರೂ ಮುಖ ಅತ್ತ ತಿರುಗಿಸಿಕೊಂಡೇ ಬರುವಳು. ವನಮಾಲಾಳಿಗೆ ಇದು ಸೊಂಟನೋವಿಗಿಂತ ಕಷ್ಟವಾಯಿತು. ಉಳಿದರ್ಧ ಚೀಲವನ್ನು ನೀರು ಚಿಮುಕಿಸಿ, ಅಳತೆ ನೋಡಿ, ಗೊಬ್ಬರದ ಜೊತೆ ಒಂದು ಮಡಿಗೆ ಬೆರೆಸಿ ಸಸಿ ನೆಟ್ಟಳು.

ಅವಳು ಹೆಬಳೆಯ ಅಕ್ಕನ ಮನೆಗೆ ಹೋದ ಸಮಯ ನೋಡಿ, ತಪ್ಪು ಸರಿಮಾಡುವ ಆಸೆಯಿಂದ ದಿನಕರ ಎರಡನೇ ಚೀಲವನ್ನು ಪಕ್ಕದ ಖಾಲಿ ಮಡಿಗೆ ಪೂರ್ತಿ ಸುರಿದು ಚೆನ್ನಾಗಿ ನೀರು ಬಿಟ್ಟ.

ಎರಡು ದಿನ ಬಿಟ್ಟು ವಾಪಸು ಬಂದವಳು ಅಲ್ಲಿ ಸಸಿ ನೆಡಲು ಗುದ್ದಲಿ ಎತ್ತಿ ಹಾಕಿದಳು. ಟಣ್ ಎಂದಿತು. ಇನ್ನೊಂದು ಕಡೆ ಹಾಕಿದಳು. ಅಲ್ಲೂ ಟಣ್.

"ಎಂತ ಹಾಕಿದ್ರಿ ಇದಕ್ಕೆ?"

ದಿನಕರ ಖಾಲಿ ಚೀಲವನ್ನು ಮೂಸಿದ, ಮಡಿ ನೋಡಿದ, ತಲೆ ಕೆರೆದುಕೊಂಡ. "ಇಟ್ಟಿಗೆಗೆ ಸುಣ್ಣ, ಸಿಮೆಂಟು ಬೆರೆಸಿಟ್ಟ ಚೀಲ ಬಂದಂಗೆ ಕಾಣ್ತದೆ."

ಅವಳು ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಬೇಲಿಯ ಮೇಲಿಂದ ಸುಬ್ಬಿಯ ದನಿ ಬಂತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ವನಮಾಲಾ, ಇಟ್ಟಿಗೆ ಕೊಯ್ಲು ಯಾವಾಗ?"

ವನಮಾಲಾ ಗುದ್ದಲಿ ಬಿಟ್ಟು ಅಲ್ಲೇ ಕೂತು ನಕ್ಕಳು. ಸುಬ್ಬಿ ಬೇಲಿಗೆ ಆತು ನಕ್ಕಳು. ದಿನಕರ ನಗಬೇಕೋ ಬೇಡವೋ ತಿಳಿಯದೆ ಖಾಲಿ ಚೀಲವನ್ನು ಮಡಚತೊಡಗಿದ.

ಮುಂದೆ ಬೂದಿ, ಗೊಬ್ಬರ ಹದವಾಗಿ ಬೆರೆಸಿದ ಮಡಿಗೆ ದಿನ ಬಿಟ್ಟು ದಿನ ನೀರು ಸಾಕಾಯಿತು. ಗೆಡ್ಡೆಗಳೂ ಬೇರೆ ಮಡಿಗಿಂತ ಒಂದು ತೂಕ ಮೇಲೇ ಬಂದವು. ಸುಬ್ಬಿಯ ಹರಿವೆಗೆ ಬೂದಿಯಿಂದ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ತೊಳೆಯುವ ಕೆಲಸ ಮಾತ್ರ ಹೆಚ್ಚಿತು.

ಈರುಳ್ಳಿ ಕಿತ್ತ ದಿನ ಸುಬ್ಬಿಯೇ ಬಂದು ಜಗಲಿಯಲ್ಲಿ ಕೂತು, ವನಮಾಲಾಳ ಜೊತೆ ಗೆಡ್ಡೆಗಳನ್ನು ಎಲೆಯ ಸಮೇತ ಜಡೆ ಹೆಣೆದಳು. ಅಂಗಳದಾಚೆ ದಿನಕರ ಹಾರೆ ಹಿಡಿದು ಗಟ್ಟಿ ಮಡಿಯನ್ನು ಒಡೆಯುತ್ತಿದ್ದ.

"ಚಾ ಕುಡ್ದು ಒಡೀರಿ" ಎಂದು ವನಮಾಲಾ ಕರೆದಳು.

"ಇದೊಂದು ಮೂಲೆ ಆತು ಅಂದ್ರೆ ಬಂದೆ" ಎಂದು ಅವನು ಬೆವರು ಒರೆಸಿಕೊಂಡ.