ಅತ್ತಿಗೆ ಎಲೆಕೋಸು ಹೆಚ್ಚಲು ಬಂದದ್ದು

ಮೂರು ವರ್ಷದಿಂದ ಮಾತು ಬಿಟ್ಟಿದ್ದ ಅತ್ತಿಗೆ ಸೋಮವಾರ ಬೆಳಿಗ್ಗೆ ಅಂಗಡಿಯ ಹಿಂಬಾಗಿಲಲ್ಲಿ ನಿಂತು, "ಕೈಗೆಲಸ ಏನಾದ್ರೂ ಇದ್ರೆ ಹೇಳು, ಮಾಡ್ಕೊಡ್ತೀನಿ" ಅಂದಾಗ ಹೊಗೆಯಕ್ಕ ಹಿಡಿದಿದ್ದ ಕಟ್ಟಿಗೆ ಕೆಳಗಿಟ್ಟು ನೋಡಿದಳು. ಹಂದಿಮಾಂಸವನ್ನು ಕಟ್ಟಿಗೆಯ ಹೊಗೆಯಲ್ಲಿ ತಾಸುಗಟ್ಟಲೆ ಬೇಯಿಸಿ ಸ್ಯಾಂಡ್‌ವಿಚ್ ಮಾರುವವಳಿಗೆ ಬೀದಿಯವರು ಇಟ್ಟ ಹೆಸರು ಅದು. ಸೊಂಟನೋವು ಬೇರೆ, ಬೇಡವೆನ್ನಲು ಬಾಯಿ ಬರಲಿಲ್ಲ. ಎಲೆಕೋಸು, ಕ್ಯಾರೆಟ್ ಕೊಟ್ಟು ಸಣ್ಣಗೆ ಹೆಚ್ಚಲು ಕೂರಿಸಿದಳು.

ಅತ್ತಿಗೆಯ ಕೈ ಎಲೆಕೋಸಿನ ಮೇಲೆ, ಕಣ್ಣು ಮಾತ್ರ ಒಲೆಯ ಮೇಲೆ. ಮಾಂಸಕ್ಕೆ ಮಸಾಲೆ ಸವರುವಾಗ ಕತ್ತು ಚಾಚುತ್ತಿದ್ದಳು. ಬೆಂದದ್ದನ್ನು ಎರಡು ಫೋರ್ಕಿನಿಂದ ಎಳೆಎಳೆಯಾಗಿ ಬಿಡಿಸುವಾಗ ತುಟಿಯಲ್ಲೇ ಏನೋ ಬಾಯಿಪಾಠ ಮಾಡುತ್ತಿದ್ದಳು. ಬುಧವಾರ ಸಾಸಿನ ಪಾತ್ರೆಗೆ ಬೆರಳದ್ದಿ ನೆಕ್ಕಿದ್ದೂ ಕಣ್ಣಿಗೆ ಬಿತ್ತು. ಎದುರಿನ ಖಾಲಿ ಮಳಿಗೆಗೆ ಯಾರೋ ಬಣ್ಣ ಬಳಿಸುತ್ತಿದ್ದದ್ದೂ ಅದೇ ವಾರ. ಹೊಗೆಯಕ್ಕನ ತಲೆಗೆ ಹುಳ ಹೊಕ್ಕಿತು.

ಗುರುವಾರ ಬೇಕೆಂದೇ ಹೊರಗೆ ಹೋದವಳಂತೆ ನಟಿಸಿ ಬಾಗಿಲ ಸಂದಿಯಿಂದ ಇಣುಕಿದಳು. ಅತ್ತಿಗೆ ಚೀಟಿ ತೆಗೆದು ಮಸಾಲೆ ಡಬ್ಬಿಗಳ ಹೆಸರು ಬರೆದುಕೊಳ್ಳುತ್ತಿದ್ದಳು.

"ಈ ಪಟ್ಟಿ ಯಾರಿಗೆ ಅತ್ತಿಗೆ? ಎದುರಿನ ಮಳಿಗೆಯವರಿಗಾ?"

ಅತ್ತಿಗೆ ಬೆಚ್ಚಿದಳು. "ಯಾವ ಮಳಿಗೆ?"

"ನನ್ನ ಕಿವಿಗೆ ಹೂವಿಡಬೇಡಿ."

"ನಿಮ್ಮಣ್ಣನಿಗೆ ಕಣೇ. ಆಪರೇಷನ್ ಆದಮೇಲೆ ಏನೂ ಸೇರ್ತಿಲ್ಲ. ಡಾಕ್ಟರು ಏನು ಬೇಕಾದ್ರೂ ತಿನ್ನಲಿ ಅಂದಿದಾರೆ. ಇವರು 'ತಂಗಿ ಮಾಡೋ ಮಾಂಸ ಇದ್ದಿದ್ರೆ ಎರಡು ತುತ್ತು ತಿಂತಿದ್ದೆ' ಅಂತಾರೆ. ನಿನ್ನನ್ನ ಕೇಳೋಕೆ ನಾಲಿಗೆ ಏಳಲಿಲ್ಲ. ಅವತ್ತು ನಿನ್ನನ್ನ ಅಂದು ಆಡಿದ್ದು ನಾನೇ ಅಲ್ವಾ."

"ಆಪರೇಷನ್ನಾ? ನನಗ್ಯಾಕೆ ಹೇಳಲಿಲ್ಲ?"

"ನಿಮ್ಮಣ್ಣನೇ ಬೇಡ ಅಂದ್ರು."

ನಂಬಿಕೆ ಅರ್ಧ, ಅನುಮಾನ ಅರ್ಧ. ಕಣ್ಣಾರೆ ನೋಡದೆ ಬಿಡಲಾರೆನೆಂದು ಹೊಗೆಯಕ್ಕ ಮಧ್ಯಾಹ್ನವೇ ಅಂಗಡಿ ಮುಚ್ಚಿ, ಮಾಂಸ, ಬನ್ನು, ವಿನೆಗರ್ ಬೆರೆಸಿದ ಕೋಸಿನ ಸಲಾಡ್ ಕಟ್ಟಿಕೊಂಡು ಅತ್ತಿಗೆಯ ಹಿಂದೆಯೇ ಹೊರಟಳು.

ಅಣ್ಣ ಕಡ್ಡಿಯಾಗಿ ಮಲಗಿದ್ದ. ಅವಳನ್ನು ಕಂಡವನೇ ಮೊದಲು ಪೊಟ್ಟಣದ ಕಡೆ ನೋಡಿದ. ಬನ್ನು ಸೀಳಿ, ಮಾಂಸದ ಮೇಲೆ ಸಲಾಡ್ ಹರಡಿ ಕೈಗಿಟ್ಟಳು. ಮೆಲ್ಲಗೆ ಕಚ್ಚಿದ. ಅರ್ಧ ತಿಂದ. ಸ್ವಲ್ಪ ಸುಧಾರಿಸಿಕೊಂಡು, ಮತ್ತೆರಡು ತುತ್ತು ತಿಂದ. ಹೊಗೆಯಕ್ಕ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಆಮೇಲೆ ಕೂತು, ಅಳತೆ ಸಮೇತ ಎಲ್ಲವನ್ನೂ ಬರೆಸಿದಳು. ಅತ್ತಿಗೆ ಚೀಟಿಯನ್ನು ಎರಡು ಸಲ ಓದಿ, ಹುಬ್ಬು ಗಂಟಿಕ್ಕಿದಳು.

"ಇಷ್ಟೇನಾ? ಏನೂ ಬಚ್ಚಿಟ್ಟಿಲ್ಲ ತಾನೇ?"

ಅಣ್ಣ ಹೊಲಿಗೆ ಹಿಡಿದುಕೊಂಡು ನಕ್ಕ.