ಜೋಡಿ ಹಡಗಿನ ದಾರಿ

ನಾನು ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದೆ. ಒಳ್ಳೆಯದು ಬುಟ್ಟಿಗೆ, ಕಲೆಯಾದದ್ದು ಪಕ್ಕಕ್ಕೆ. ಎದುರಿಗೆ ಕೂತ ಅಮ್ಮನೂ ಅದನ್ನೇ ಮಾಡುತ್ತಿದ್ದಳು. ಬೆಳಗಿನಿಂದ ಇಬ್ಬರಿಗೂ ಇದೇ ಕೆಲಸ. ಅಣ್ಣ ಚೆನ್ನಕೇಶವ ಮಾತ್ರ ಜಗಲಿಯ ತುಂಬ, ಅಂಚಿನಲ್ಲಿ ತೂತುಗಳಿದ್ದ, ಚೌಕಚೌಕವಾಗಿ ಗೆರೆ ಅಚ್ಚಾದ ಉದ್ದನೆಯ ಕಂಪ್ಯೂಟರ್ ಕಾಗದ ಹರಡಿಕೊಂಡು ಒಬ್ಬನೇ ನಗುತ್ತಿದ್ದ.

ಇದು ತೊಂಬತ್ತೈದರ ಮಾತು. ಅಣ್ಣ ಬೆಂಗಳೂರಿನಲ್ಲಿ ಎಂ.ಟೆಕ್. ಓದುತ್ತಿದ್ದ. ಹಡಗುಗಳು ಒಂದಕ್ಕೊಂದು ಗುದ್ದದಂತೆ ದಾರಿ ಹುಡುಕುವ ಪ್ರೋಗ್ರಾಂ ಬರೆದಿದ್ದ. ಮರುದಿನವೇ ಪ್ರೊಫೆಸರರ ಮುಂದೆ ಅದನ್ನು ಓಡಿಸಿ ತೋರಿಸಬೇಕಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಹಡಗುಗಳು ಚುಕ್ಕಿಗಳಾಗಿ ಹೋಗುತ್ತವೆ ಎಂದು ಅವನು ಹೇಳಿದಂದಿನಿಂದ ನನಗೆ ಅದನ್ನೊಮ್ಮೆ ನೋಡುವ ಆಸೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಏನೆಂದು ಕೇಳಲಿ?

“ನಮ್ಮೂರ ಕೆರೆ ತುಂಬಿದ್ದೇ ನೋಡಿಲ್ಲ, ಹಡಗು ಓಡಿಸ್ತಾನಂತೆ ನನ್ನ ಮಗ,” ಎಂದಳು ಅಮ್ಮ.

“ಓಡಿಸಲ್ಲಮ್ಮ, ನೀವು ಹುಳ ಸಾಕಿದಂಗೆ ದಾರಿ ಸಾಕ್ತೀನಿ! ಮೊದ್ಲು ನೂರು ದಾರಿ ಸುಮ್ನೆ ಗೀಚೋದು. ಗುದ್ದೋದನ್ನ, ಸುತ್ತಿ ಬಳಸೋದನ್ನ ಬಿಸಾಕೋದು. ಒಳ್ಳೇದು ಎರಡು ತಗೊಂಡು ಇದರರ್ಧ ಅದರರ್ಧ ಸೇರಿಸೋದು. ಅಲ್ಲೊಂದು ಇಲ್ಲೊಂದು ಚೌಕ ಬದಲಾಯ್ಸೋದು. ಹಿಂಗೇ ಅರವತ್ತು ತಲೆಮಾರು.”

“ನಮ್ಮ ಹುಳದ ಮಿಶ್ರತಳಿ ಥರ,” ಎಂದೆ ಮೆಲ್ಲಗೆ.

“ಅದೇ ಕಣೇ ಗಂಗೂ!”

ಅವನು ಗೆದ್ದ ದಾರಿಗಳ ಎರಡು ಹಾಳೆಗಳನ್ನು ನನ್ನ ಮುಂದೆ ಹಾಕಿದ. ಒಂದರಲ್ಲಿ ಎಡಗಡೆಯಿಂದ ಹೊರಟ ಹಡಗು, ಇನ್ನೊಂದರಲ್ಲಿ ಬಲಗಡೆಯಿಂದ ಹೊರಟದ್ದು. ಎರಡೂ ನಡುವೆ ಮೇಲಕ್ಕೇ ಬಾಗಿದ್ದವು.

ನನಗೆ ಪಕ್ಕದ ಮನೆಯ ಚಿಕ್ಕವೆಂಕಟಮ್ಮ ನೆನಪಾದಳು. ಹೋದ ವಾರ ಓಣಿಯಲ್ಲಿ ಇಬ್ಬರೂ ಚಂದ್ರಿಕೆ ಹೊತ್ತು ಎದುರಾಗಿದ್ದೆವು. ಅವಳು ನೇರ ಬರುತ್ತಾಳೆಂದು ನಾನು ಗೋಡೆಯ ಕಡೆ ಸರಿದೆ. ನಾನು ನೇರ ಬರುತ್ತೇನೆಂದು ಅವಳೂ ಅದೇ ಗೋಡೆಯ ಕಡೆ ಸರಿದಳು. ಎರಡೂ ಗುದ್ದಿಕೊಂಡು ನನ್ನ ಚಂದ್ರಿಕೆಯ ಬಿದಿರು ಮುರಿದಿತ್ತು.

ಒಂದೇ ಹಾಳೆಯ ಮೇಲೆ ಹಡಗುಗಳ ಬದಲು ಎಡಕ್ಕೊಂದು ಬಲಕ್ಕೊಂದು ಗೂಡು ಇಟ್ಟೆ. ಎರಡು ದಾರಿಗಳನ್ನೂ ನೋಡುತ್ತ ಒಂದೊಂದೇ ಚೌಕ ಸರಿಸಿದೆ. ಎಂಟನೆಯ ಹೆಜ್ಜೆಗೆ ಎರಡೂ ಒಂದೇ ಚೌಕದಲ್ಲಿ ನಿಂತವು.

“ಅಯ್ಯೋ!” ಅಣ್ಣ ತಲೆ ಹಿಡಿದುಕೊಂಡ. “ಎದುರಿನ ಹಡಗು ನೇರ ಬರುತ್ತೆ ಅಂದ್ಕೊಂಡೇ ಎರಡನ್ನೂ ಬೇರೆ ಬೇರೆ ಸಾಕಿದ್ದೀನಿ!”

“ಜೋಡಿಯಾಗೇ ಸಾಕಣ್ಣ. ಗುದ್ದಿದ್ರೆ ಜೋಡೀನೇ ಬಿಸಾಕು.”

ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವನು ಎದ್ದು ಕುಣಿದೇಬಿಟ್ಟ. ಅಲ್ಲೇ ಕೂತು ಪೆನ್ಸಿಲಿನಲ್ಲಿ ಜೋಡಿ ದಾರಿಗಳನ್ನು ಗೀಚಿದ. ನಾನು ಗೂಡು ಸರಿಸಿದೆ. “ಗುದ್ತು!” ಎಂದು ನಾನು ಕೂಗಿದರೆ ಅವನು ಹಾಳೆ ಹರಿಯುತ್ತಿದ್ದ. “ನನ್ನ ಗೂಡು ಯಾರ್ರೋ ಬಿಡಿಸ್ತಾರೆ?” ಎಂದು ಬೈಯುತ್ತಲೇ ಅಮ್ಮನೂ ಬಂದು ಬಗ್ಗಿದಳು. ಹನ್ನೊಂದನೆಯ ಜೋಡಿಯಲ್ಲಿ ಒಂದು ಗೂಡು ಮೇಲೆ, ಇನ್ನೊಂದು ಕೆಳಗೆ ಸರಿದು ದಾಟಿಹೋದವು.

“ಹೋಯ್ತು, ಹೋಯ್ತು!” ಎಂದು ಚಪ್ಪಾಳೆ ತಟ್ಟಿದವಳು ಅಮ್ಮ.

ಇದನ್ನೆಲ್ಲ ಕಂಪ್ಯೂಟರಿಗೆ ಹಾಕಲು ಅಣ್ಣ ಆಗಲೇ ಹೊರಡಬೇಕಿತ್ತು. ಮೂರು ಗಂಟೆಯ ಬಸ್ಸಿನ ಹಾರನ್ ಕೇಳಿಸಿತು. ಅವನು ಕಾಗದ ಸುತ್ತಿಕೊಂಡು ಓಡಿದ. ನಾನು ಅವನ ಚೀಲ ಹಿಡಿದು ಹಿಂದೆ ಓಡಿದೆ. ಕಿಟಕಿಯಿಂದ ಚೀಲ ತೆಗೆದುಕೊಂಡವನು ಮತ್ತೆ ಹಾಳೆ ಬಿಚ್ಚಿ ಚೌಕ ಎಣಿಸತೊಡಗಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸು, ಬೆಂಗಳೂರಿನ ಬಸ್ಸು ಸಿಗುವ ಶಿಡ್ಲಘಟ್ಟದ ಕಡೆ ಹೊರಟಿತು. ನಾನು ಜೊತೆಜೊತೆಗೇ ಓಡುತ್ತ, ಊರಿಗೆಲ್ಲ ಕೇಳುವಂತೆ ಕೂಗಿದೆ:

“ಅಣ್ಣಾ, ನನ್ನನ್ನೂ ಕರ್ಕೊಂಡು ಹೋಗು. ಆ ಹಡಗು ಓಡೋದನ್ನ ನಾನೂ ಒಂದ್ಸಲ ನೋಡ್ಬೇಕು.”