ಖರೇ ಕೌದಿ

ನಮ್ಮ ಕಡೆ ಈಗ ಯಾರನ್ನೂ ಏನು ಕೆಲಸ ಮಾಡುತ್ತೀರಿ ಎಂದು ಕೇಳುವ ಹಾಗಿಲ್ಲ. ಎಲ್ಲರೂ ಉದ್ಯಮಿಗಳು. ಹಾನಗಲ್ಲಿನ ನನ್ನ ಸಡ್ಡಕ ಮಾವಿನ ಉಪ್ಪಿನಕಾಯಿ ಮಾರುತ್ತಾನೆ. ಬಾಟಲಿಯ ಮೇಲೆ ಅವನ ಅಜ್ಜಿಯ ಫೋಟೋ ಇದೆ. ಅಜ್ಜಿ ಬದುಕಿದ್ದಾಗ ಆಕೆಯ ಉಪ್ಪಿನಕಾಯಿಯಲ್ಲಿ ಉಪ್ಪು ಹೆಚ್ಚು ಎಂದು ದಿನಾ ಜಗಳ ತೆಗೆಯುತ್ತಿದ್ದವನು ಇವನೇ. ಶಿಗ್ಗಾಂವಿಯ ಗೆಳೆಯ ಸುಭಾಸ ಗಾಣದ ಎಣ್ಣೆ ತೆಗೆಯುತ್ತಾನೆ. ಗಾಣ ಕರೆಂಟಿನದು. ಎತ್ತನ್ನು ಫೋಟೋ ತೆಗೆಯುವ ದಿನ ಮಾತ್ರ ಪಕ್ಕದ ಮನೆಯಿಂದ ಹೊಡೆದುಕೊಂಡು ಬರುತ್ತಾನೆ. ಇಬ್ಬರೂ ಸಿಕ್ಕಾಗಲೆಲ್ಲ ನನ್ನ ಹೆಗಲ ಮೇಲೆ ಕೈಯಿಟ್ಟು, "ರುದ್ರೇಶ, ಮನಸಿಗೆ ಹಿಡಿಸಿದ್ದನ್ನ ಮಾಡಪಾ" ಎನ್ನುತ್ತಾರೆ.

ಹಂಸಭಾವಿಯ ಬಸ್‌ಸ್ಟ್ಯಾಂಡ್ ಎದುರು ನನ್ನದು ಬೀಜ, ಗೊಬ್ಬರದ ಅಂಗಡಿ. ನನಗೆ ಬೀಜದ ಮೇಲೆ ಪ್ರೀತಿಯಿಲ್ಲ, ಗೊಬ್ಬರದ ಮೇಲೆ ಅದಕ್ಕಿಂತ ಕಡಿಮೆ. ಬಹುಶಃ ಅದಕ್ಕೇ ಅಂಗಡಿ ಹದಿನೆಂಟು ವರ್ಷದಿಂದ ನೆಟ್ಟಗೆ ನಡೆದಿದೆ. ನನಗೆ ನಿಜಕ್ಕೂ ಹಿಡಿಸಿದ್ದೆಂದರೆ ಮಧ್ಯಾಹ್ನ ಉಂಡ ಮೇಲಿನ ನಿದ್ದೆ. ಅದನ್ನು ಕೊಳ್ಳುವವರು ಇನ್ನೂ ಹುಟ್ಟಿಲ್ಲ.

ಈ ಗಾಳಿ ನಮ್ಮ ಮನೆಗೂ ಹೊಕ್ಕಿದ್ದು ಎರಡು ವರ್ಷದ ಹಿಂದೆ. ನನ್ನ ಹೆಂಡತಿ ಸುಧಾರಾಣಿ ಹಾವೇರಿಯಲ್ಲಿ ಮೂರು ದಿನದ ಉದ್ಯಮ ತರಬೇತಿಗೆ ಹೋಗಿ, ಒಂದು ಸರ್ಟಿಫಿಕೇಟು ಮತ್ತು ಬೇರೆಯದೇ ಮುಖ ಹೊತ್ತು ಬಂದಳು. ಅಲ್ಲಿಯ ಮೇಷ್ಟ್ರು, ನೀವು ಯಾವುದನ್ನು ಪ್ರೀತಿಸುತ್ತೀರೋ ಅದನ್ನು ಮಾರಿ, ಯಾವುದನ್ನು ನಂಬುತ್ತೀರೋ ಹಾಗೆ ಮಾರಿ ಎಂದು ಹೇಳಿದ್ದರಂತೆ. ಸುಧಾರಾಣಿಗೆ ಪ್ರೀತಿ ಕೌದಿ ಹೊಲಿಯುವುದರ ಮೇಲೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿಯುತ್ತ ಕೂತರೆ ಅವಳಿಗೆ ಊಟದ ನೆನಪೂ ಇರುವುದಿಲ್ಲ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಅವಳು ನಂಬಿದ್ದರಲ್ಲಿ. ಅವಳು ಸುಳ್ಳು ಹೇಳುವುದಿಲ್ಲ.

ಮರುವಾರವೇ ನಮ್ಮ ಪಡಸಾಲೆಯ ಗೋಡೆಗೆ ‘ಖರೇ ಕೌದಿ’ ಎಂಬ ಬೋರ್ಡು ಬಂತು. ಪ್ರತಿ ಕೌದಿಗೂ ಒಂದು ಚೀಟಿ ಕಟ್ಟುತ್ತಿದ್ದಳು, ಅದರಲ್ಲಿ ಸೀರೆಯ ಕಥೆ. "ಇದು ಮಾದೇವಿಯ ಸೀರೆ. ಆಕೆಗೆ ಈ ಬಣ್ಣ ಸೇರುತ್ತಿರಲಿಲ್ಲ. ಗಂಡ ತಂದದ್ದೆಂದು ಒಂಬತ್ತು ವರ್ಷ ಉಟ್ಟಳು." ಇಂಥದ್ದನ್ನು ಓದಿ ಯಾರು ಕೊಳ್ಳುತ್ತಾರೆ ಎಂದು ನಾನು ನಕ್ಕಿದ್ದೆ. ಪಟ್ಟಣದವರು ಮುಗಿಬಿದ್ದು ಕೊಂಡರು. ಮಾದೇವಿ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವವಳು, ಕೌದಿಯಲ್ಲಿ ಹೆಂಡತಿಯ ಬಲಗೈ. ತನ್ನ ಗಂಡನ ಸುದ್ದಿ ಹುಬ್ಬಳ್ಳಿಯವರೆಗೆ ಹೋಯಿತೆಂದು ಅವಳಿಗೆ ಖುಷಿಯೋ ಖುಷಿ.

ವರ್ಷ ತಿರುಗುವುದರೊಳಗೆ ಊರಿನ ಹಳೆಯ ಸೀರೆಗಳು ಮುಗಿದವು. ಮೊದಲು ನಮ್ಮವ್ವ ವೀರವ್ವನ ಟ್ರಂಕು ಬರಿದಾಯಿತು, ಆಮೇಲೆ ನಮ್ಮ ಓಣಿಯವು. ಉಳಿದದ್ದನ್ನು ಹಳೆ ಬಟ್ಟೆಗೆ ಸ್ಟೀಲ್ ಡಬ್ಬಿ ಕೊಡುವವನು ಬಳಿದುಕೊಂಡು ಹೋಗಿದ್ದ. ಸರಿಯಾಗಿ ಆಗಲೇ ನುಜಹತ ಎಂಬ ಸವಣೂರಿನ ಹುಡುಗಿ ಮೂವತ್ತು ಕೂಸಿನ ಕೌದಿಗಳಿಗೆ ಹೇಳಿಕಳಿಸಿದಳು. ಹುಬ್ಬಳ್ಳಿಯಲ್ಲಿ ಆಕೆಯದು ಎಳೆಮಕ್ಕಳ ಸಾಮಾನಿನ ಅಂಗಡಿ. ಮಹಾನವಮಿಗೆ ಮೊದಲು ಬೇಕು, ಬಟ್ಟೆ ಹಳೆಯದೇ ಇರಬೇಕು, ಕಥೆ ಖರೇನೇ ಇರಬೇಕು.

"ಇದು ಕೈ ತಪ್ಪಿತಂದ್ರ ಬೋರ್ಡ್ ಇಳಸತೇನ್ರಿ," ಎಂದಳು ಸುಧಾರಾಣಿ. "ನಿಮ್ಮ ಅಂಗಡ್ಯಾಗ ಬಂದು ಗೊಬ್ಬರದ ಚೀಲ ಎಣಸ್ಕೋತ ಕೂಡತೇನಿ."

ಹದಿನೆಂಟು ವರ್ಷದಿಂದ ಚೀಲ ಎಣಿಸುತ್ತಿರುವವನ ಎದುರು ಆ ಮಾತನ್ನು ಆಡಿದ ರೀತಿಗೆ ನನಗೆ ಸ್ವಲ್ಪ ನೋವೇ ಆಯಿತು. ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಮೂರು ದಿನ ಯೋಚಿಸಿ ಅವಳೇ ದಾರಿ ಹುಡುಕಿದಳು. ಸವಣೂರಿಗೆ ಹೋಗಿ ಮೂವತ್ತು ಹೊಸ ಕಾಟನ್ ಸೀರೆ ತರುವುದು. ಮೂವತ್ತು ಹೆಂಗಸರಿಗೆ ಹಂಚುವುದು. ಅವರು ಎರಡು ತಿಂಗಳು ಉಟ್ಟು, ಹೊಲಕ್ಕೆ ಹೋಗಿ, ಒಗೆದು, ಜಗಳವಾಡಿ, ನಕ್ಕು, ಸೀರೆಯನ್ನು ಪ್ರಾಮಾಣಿಕವಾಗಿ ಹಳೆಯದು ಮಾಡಿ ತಿರುಗಿ ಕೊಡುವುದು. ಸುಳ್ಳೂ ಆಗಲಿಲ್ಲ, ಕಥೆಯೂ ಹುಟ್ಟಿತು. ಹಳೆಯದನ್ನು ಹೊಸದಾಗಿ ತಯಾರಿಸುವ ಇಂಥ ಕಾರ್ಖಾನೆ ಜಿಲ್ಲೆಯಲ್ಲಿ ಬೇರೆ ಎಲ್ಲೂ ಇರಲಿಲ್ಲ.

ಕಾರಹುಣ್ಣಿಮೆ ಕಳೆದ ಶುಕ್ರವಾರ ಹೆಂಗಸರನ್ನು ಮನೆಗೆ ಕರೆದಳು. ಎರಡು ತಿಂಗಳು ಉಡಬೇಕು, ಆಮೇಲೆ ಕೊಡಬೇಕು ಎಂದು ಹೇಳಬೇಕಾದ ಮಾತನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದಳು. ಮೊದಲು ಒಳಗೆ ಬಂದವಳು ಮಾದೇವಿ. ಸುಧಾರಾಣಿ ಸೀರೆ ಎತ್ತಿ ಅವಳ ಕೈಗೆ ಇಡಬೇಕು, ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಕೂಗಿದಳು.

"ಏನವಾ ಅದು? ಸಂಜಿಮುಂದ, ಶುಕ್ರವಾರ ದಿನ, ಮುತ್ತೈದಿಗೆ ಹೊಸಾ ಸೀರಿ ಬರೇ ಕೈಯಾಗ ಕೊಡತಾರೇನು? ಹೆಣಕ್ಕ ಹೊಚ್ಚಾಕ ಕೊಟ್ಟಂಗ?"

ಸುಧಾರಾಣಿ ನಾಲಿಗೆ ಕಚ್ಚಿಕೊಂಡಳು. ಒಳ್ಳೆಯ ಮನೆತನದಿಂದ ಬಂದವಳು. ಅರಿಷಿಣ ಬಂತು, ಕುಂಕುಮ ಬಂತು. ಮಾದೇವಿ ಸೆರಗು ಒಡ್ಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ಸೀರೆ ಇಟ್ಟು ಸುಧಾರಾಣಿ ಉಡಿ ತುಂಬಿದಳು. ಹಾಗೆ ಮೂವತ್ತು ಸಲ. ಬೀಜದ ಕಂಪನಿಯ ಏಜೆಂಟರ ಜೊತೆ ಕೂದಲು ಸೀಳುವ ವ್ಯಾಪಾರ ಮಾಡುವ ನಾನು, ಆ ಸಂಜೆ ಪೂರ್ತಿ ಅಕ್ಕಿಯ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಉಡಿಗೆ ಹಾಕಿದ್ದು ತಿರುಗಿ ಬರುವುದಿಲ್ಲ ಎಂಬುದು ಒಂದು ಕ್ಷಣವೂ ನನಗೆ ಹೊಳೆಯಲಿಲ್ಲ. ಬಾಯಿಪಾಠ ಮಾಡಿದ ಮಾತನ್ನು ಅವಳು ಹೇಳಿದಳು. ಹೆಂಗಸರು "ಆತ್ರೀ ಅಕ್ಕಾರ" ಎಂದರು. ತುಂಬಿದ ಉಡಿ ಹಿಡಿದು ನಿಂತವಳಿಗೆ ಬೇರೆ ಯಾವ ಮಾತು ಕಿವಿಗೆ ಬಿದ್ದೀತು?

ಮೊದಲ ತಿಂಗಳು ಕಳೆದರೂ ಹೊಲದಲ್ಲಿ ಒಬ್ಬರ ಮೈಮೇಲೂ ಆ ಸೀರೆ ಕಾಣಲಿಲ್ಲ. ಸುಧಾರಾಣಿ ಮಾಸೂರಿನ ದಾರಿಯ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಕೂಗಿ ಕೇಳಿದಳು. ಮಾದೇವಿ ಕೆಸರಲ್ಲಿ ನಿಂತೇ ದಂಗಾದಳು.

"ಉಡೀ ಸೀರಿ ಉಟ್ಟು ಕಳೆ ತೆಗೀತಾರೇನ್ರಿ? ಟ್ರಂಕಿನ್ಯಾಗ ಇಟ್ಟೇನ್ರಿ. ಮಗನ ಮದವಿಗೆ ಉಡತೇನಿ."

"ಮಗಾ ಸಾಲ್ಯಾಗ ಎಷ್ಟನೇತ್ತಾ?"

"ನಾಕನೇತ್ತಾರಿ."

ಪಂಚಮಿ ಹೊತ್ತಿಗೆ ಪರಿಸ್ಥಿತಿ ಇನ್ನೂ ಕೆಟ್ಟಿತು. ನಮ್ಮ ಮನೆಯಲ್ಲಿ ಉಡಿ ತುಂಬಿಸಿಕೊಂಡ ಮೂವತ್ತೂ ಜನ ಅದನ್ನು ತಮ್ಮ ತವರುಮನೆ ಮಾಡಿಕೊಂಡುಬಿಟ್ಟಿದ್ದರು. ಹಬ್ಬದ ದಿನ ಉಂಡಿ ಕಟ್ಟಿಕೊಂಡು ಬಂದು, ನಮ್ಮ ಜೋಕಾಲಿಯಲ್ಲಿ ಜೀಕಿ, ನನ್ನನ್ನು ಅಣ್ಣಾ ಎಂದು ಕರೆದರು. ಬೆಳಿಗ್ಗೆ ನನಗೆ ಇದ್ದದ್ದು ಒಬ್ಬಳೇ ತಂಗಿ, ಸಂಜೆಗೆ ಮೂವತ್ತೊಂದು. ಬೀಜ ಒಯ್ಯಲು ಬಂದ ಅವರ ಗಂಡಂದಿರು ನನ್ನನ್ನು ಮಾವಾ ಎಂದು ಕರೆದು, ಅಳಿಯಂದಿರ ಗತ್ತಿನಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತರು.

ಕೊನೆಗೆ ಸುಧಾರಾಣಿ ಧೈರ್ಯ ಮಾಡಿ ಮಾದೇವಿಯನ್ನು ಕೇಳಿಯೇಬಿಟ್ಟಳು. ಉಡದಿದ್ದರೆ ಬೇಡ, ಸೀರೆಯನ್ನಾದರೂ ತಿರುಗಿ ಕೊಡಿ ಎಂದು.

"ಕೊಡತೇನ್ರಿ. ಆದ್ರ ಉಡೀ ತುಂಬಿದ್ದನ್ನ ತುಂಬಿದವರಿಗೇ ತಿರಗಿ ಕೊಟ್ರ ನಿಮಗ ಒಳ್ಳೇದಾಗೂದಿಲ್ಲಲ್ರಿ ಅಕ್ಕಾರ. ನಮಗ ಏನರ ಆಗಲಿ. ನಿಮಗ ಆಗಬಾರದು."

ಸುಧಾರಾಣಿ ಮತ್ತೆ ಯಾರನ್ನೂ ಸೀರೆ ಕೇಳಲಿಲ್ಲ.

ಮಹಾನವಮಿಗೆ ಮೂರೇ ವಾರ ಉಳಿದಿತ್ತು. ನಾನು ಗಂಡನ ಧರ್ಮ ಪಾಲಿಸಿದೆ. "ಇನ್ನ ಮೂವತ್ತು ತರೋಣು. ಸೋಡಾ ಹಾಕಿ ಕುದಿಸಿ, ನಾಕು ದಿನ ಬಿಸಿಲಿಗೆ ಒಗದರ ಇಪ್ಪತ್ತು ವರ್ಷದ್ದು ಕಂಡಂಗ ಕಾಣತೈತಿ. ಚೀಟಿ ನಾ ಬರೀತೇನಿ." ಒಂದು ಚೀಟಿಯನ್ನು ಬರೆದೂ ತೋರಿಸಿದೆ. ಬಡ ಅಜ್ಜಿ, ಮಗ್ಗ, ಬೆಳದಿಂಗಳು ಎಲ್ಲ ಅದರಲ್ಲಿತ್ತು. ನಾನೇ ಅದನ್ನು ಎರಡು ಸಲ ಓದಿಕೊಂಡಿದ್ದೆ. ಸುಧಾರಾಣಿ ಅದನ್ನು ಓದಿ ಮಡಚಿ ಒಲೆಗೆ ಹಾಕಿದಳು. ಸ್ಟೂಲು ತಂದು ಹತ್ತಿ ಬೋರ್ಡು ಇಳಿಸಲು ಕೈ ಹಾಕಿದಳು. ಮೊಳೆ ತುಕ್ಕು ಹಿಡಿದಿತ್ತು, ಬರಲಿಲ್ಲ. ಆಗ ಅವಳು ಅತ್ತ ಅಳು ನನಗೆ ಇನ್ನೂ ಕೇಳಿಸುತ್ತದೆ. ನನ್ನ ಜಾಣತನದ ಬಗ್ಗೆ ನನಗೇ ಹೇಸಿಗೆಯಾಯಿತು.

ಅವಳು ಅತ್ತದ್ದು ಓಣಿಗೆ ಗೊತ್ತಾಗಲು ಎಷ್ಟು ಹೊತ್ತು? ಮರುದಿನ ಶುಕ್ರವಾರ. ಮೂವತ್ತೂ ಹೆಂಗಸರು ಸಾಲಾಗಿ ಬಂದರು. ಮುಂದೆ ಮಾದೇವಿ, ಉಡೀ ಸೀರೆಯನ್ನೇ ಉಟ್ಟಿದ್ದಳು.

"ಸೀರಿ ಕೊಡಾಕ ಬರೂದಿಲ್ರಿ. ನಿಮ್ಮ ಉಡಿ ತುಂಬಾಕ ಬರತೈತಿ. ಕುಂಡ್ರಿ," ಎಂದಳು.

ಸುಧಾರಾಣಿಯನ್ನು ಮಣೆಯ ಮೇಲೆ ಕೂರಿಸಿ ಒಬ್ಬೊಬ್ಬರಾಗಿ ಉಡಿ ತುಂಬಿದರು. ಅಕ್ಕಿಯ ಮೇಲೆ ಎಲ್ಲರೂ ಇಟ್ಟದ್ದು ಒಂದೊಂದು ಜಂಪರ್ ಪೀಸು. ನಮ್ಮ ಕಡೆಯ ಜಂಪರ್ ಪೀಸಿನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಅದನ್ನು ಕುಬಸ, ಅಂದರೆ ರವಿಕೆ ಹೊಲಿಸಲೆಂದು ಕೊಡುತ್ತಾರೆ, ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು, ಮನೆಗೆ ಬಂದ ಮುಂದಿನ ಮುತ್ತೈದೆಗೆ ಕೊಡುತ್ತಾರೆ. ಆಕೆ ಇನ್ನೊಬ್ಬಳಿಗೆ. ಹೀಗೆ ಒಂದೊಂದು ಪೀಸು ನಮ್ಮ ಶಾಸಕರಿಗಿಂತ ಹೆಚ್ಚು ಊರು ತಿರುಗಿರುತ್ತದೆ.

ಅವ್ವ ಬಂದು ರಾಶಿಯ ಪಕ್ಕ ಕೂತಳು. ಒಂದು ನೀಲಿ ಪೀಸು ಎತ್ತಿ ಬೆಳಕಿಗೆ ಹಿಡಿದಳು.

"ಇದು ನಂದ! ನೋಡ ಇಲ್ಲೆ, ಊದಿನಕಡ್ಡಿ ಸುಟ್ಟ ತೂತು. ಹೊಳಬಸಪ್ಪನ ಹೊಸಾ ಮನಿ ವಾಸ್ತುಶಾಂತಿ ದಿನ ಅವನ ಹೆಂಡತಿಗೆ ಕೊಟ್ಟಿದ್ದೆ. ಅಕಿ ರಟ್ಟೀಹಳ್ಳಿ ಬೀಗತಿಗೆ ಕೊಟ್ಲು. ಅಲ್ಲಿಂದ ಮಾಸೂರಿಗೆ ಹೋತು, ಕೂಸಿನ್ನ ತೊಟ್ಟಲಕ್ಕ ಹಾಕೂ ಕಾರ್ಯಕ್ಕ."

"ಅಲ್ಲೇ ನಮ್ಮಕ್ಕಗ ಬಂತ್ರಿ," ಎಂದಳೊಬ್ಬಳು. "ಅಕಿ ನನಗ ಕೊಟ್ಲು."

ಒಂದೊಂದೇ ಪೀಸಿನ ವಂಶಾವಳಿ ಹೊರಬಿತ್ತು. ಯಾವ ಮನೆಯ ಮದುವೆ, ಯಾವ ಸೊಸೆಯ ಸಿಟ್ಟು, ಯಾರು ಯಾರಿಗೆ ಹಳೆಯದನ್ನೇ ಸಾಗಹಾಕಿದರು, ಎಲ್ಲ. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ತಿರುಗಿ ನೋಡಿದರೆ ಸುಧಾರಾಣಿ ಚೀಟಿ ಪೆನ್ನು ತಂದು ಬರೆಯುತ್ತಿದ್ದಳು. ಬಟ್ಟೆ ಹಳೆಯದು, ಕಥೆ ಖರೇ.

ಒಂದೊಂದು ಕೌದಿಗೆ ಐದಾರು ಪೀಸು ಬೇಕಿತ್ತು. ಹೇಳಿದ್ದೇ ತಡ, ಊರಿನ ಟ್ರಂಕುಗಳೆಲ್ಲ ಖಾಲಿಯಾದವು. ಎಷ್ಟೋ ವರ್ಷದ ಭಾರ ಇಳಿಯಿತೆಂದು ಹೆಂಗಸರು ಕೇಳಿದ್ದಕ್ಕಿಂತ ಹೆಚ್ಚೇ ತಂದು ಸುರಿದರು. ಬಟ್ಟೆಯ ಗಂಜಿ ಬಿಡಿಸಿ, ಒಣಗಿಸಿ, ಎರಡು ವಾರ ನಮ್ಮ ಪಡಸಾಲೆಯಲ್ಲಿ ಸೂಜಿಗಳು ಓಡಿದವು.

ಮೂರನೆಯ ದಿನ ಅವ್ವ ರಾಶಿಯಿಂದ ಒಂದು ಖಣದ ಪೀಸು ಎತ್ತಿ ಹಿಡಿದು ಕೂತುಬಿಟ್ಟಳು. ಹಸಿರು ಖಣ, ಕೆಂಪು ದಡಿ. ಮೂಲೆಯಲ್ಲಿ ಕೆಂಪು ದಾರದ ಮೂರು ಹೊಲಿಗೆ. ಅದು ಅವ್ವನ ಅವ್ವ ಶಾರವ್ವ ತಾನು ಕೊಡುವ ಬಟ್ಟೆಗೆಲ್ಲ ಹಾಕುತ್ತಿದ್ದ ಗುರುತು. ಮೂವತ್ತೆರಡು ವರ್ಷದ ಹಿಂದೆ, ಪಂಚಮಿಗೆ ತವರಿಗೆ ಹೋದಾಗ ಶಾರವ್ವ ಅದನ್ನು ಮಗಳಿಗೆ ಕೊಟ್ಟು, "ಹೊಲಿಸಿ ಹಾಕ್ಕೊಂಡು ಬಾ, ನೋಡತೇನಿ" ಎಂದಿದ್ದಳಂತೆ. ಅವ್ವ ಮನೆಗೆ ಬಂದ ದಿನವೇ ಹಿರೇಕೆರೂರಿನಿಂದ ಯಾರೋ ಬೀಗತಿ ಬಂದಳು. ಮನೆಯಲ್ಲಿ ಬೇರೆ ಪೀಸಿರಲಿಲ್ಲ. ಇದನ್ನೇ ಕೊಟ್ಟಳು. ದೀಪಾವಳಿಗೆ ಮೊದಲು ಶಾರವ್ವ ತೀರಿಕೊಂಡಳು.

"ಅವತ್ತಿನಿಂದ ಎಲ್ಲಾರ ಉಡ್ಯಾಗೂ ಇದನ್ನ ನೋಡಕೋತ ಬಂದೇನಿ," ಎಂದಳು ಅವ್ವ. ಅವ್ವ ಅಳುವುದನ್ನು ನಾನು ತಂಗಿಯನ್ನು ಗಂಡನ ಮನೆಗೆ ಕಳಿಸುವಾಗ ನೋಡಿದ್ದೆ, ಈಗ ನೋಡಿದೆ. ಸುಧಾರಾಣಿ ಆ ಖಣವನ್ನು ಮಡಚಿ ಅವ್ವನ ದಿಂಬಿನ ಕೆಳಗೆ ಇಟ್ಟಳು. "ಇದಕ್ಕ ಯಾರೂ ಕೈ ಹಚ್ಚಂಗಿಲ್ಲ," ಎಂದು ಎಲ್ಲರಿಗೂ ಹೇಳಿದಳು.

ಹೇಳಿದ ದಿನಕ್ಕೆ ನುಜಹತ ಬಂದಳು. ಕೌದಿಗಳನ್ನು ಕೆನ್ನೆಗೆ ಒತ್ತಿ ನೋಡಿದಳು.

"ಇದು ಉಟ್ಟ ಬಟ್ಟಿ ಅಲ್ಲರಿ," ಎಂದು ಸುಧಾರಾಣಿ ತಾನೇ ಮುಂದಾಗಿ ಹೇಳಿಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ.

ನುಜಹತ ಚೀಟಿ ಓದಿದಳು. "ಹನ್ನೊಂದು ಮನೆ ತಿರುಗಿದೆ. ಯಾರೂ ಹೊಲಿಸಿಲ್ಲ. ನಾಲ್ಕನೆಯ ಮನೆಯವರಿಗೆ ಬಣ್ಣ ಸೇರಲಿಲ್ಲ, ಮರುದಿನವೇ ದಾಟಿಸಿದರು." ಓದುತ್ತ ಓದುತ್ತ ಅವಳಿಗೆ ನಗು ತಡೆಯಲಾಗಲಿಲ್ಲ. "ಸವಣೂರಾಗ ನಮ್ಮ ಅಮ್ಮೀ ಟ್ರಂಕಿನ್ಯಾಗೂ ಹಿಂಗ ಅದಾವ್ರಿ. ಉಟ್ಟ ಸೀರಿದು ಎಲ್ಲಾರೂ ಮಾರತಾರ. ಇದು ಯಾರ ಕಡೆನೂ ಇಲ್ಲ. ಮೂವತ್ತೂ ಒಯ್ತೇನಿ, ಇನ್ನೂ ಮೂವತ್ತು ಮಾಡ್ರಿ."

ಸುಧಾರಾಣಿ ಗೋಡೆಯ ಮೇಲಿನ ಬೋರ್ಡು ನೋಡಿದಳು, ಆಮೇಲೆ ನನ್ನನ್ನು. ನಾನು ಆ ತುಕ್ಕು ಹಿಡಿದ ಮೊಳೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಕೌದಿಗಳು ಗಾಡಿಗೆ ಏರಿದವು. ನುಜಹತ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು.

"ತಡೀಯವಾ," ಎಂದಳು ಅವ್ವ. "ಮೊದಲನೇ ಸಲ ಮನೀಗೆ ಬಂದೀ. ಬರೀ ಉಡೀಲೆ ಹೆಂಗ ಕಳಸೂದು?"

ಸುಧಾರಾಣಿ ಟ್ರಂಕು ತೆಗೆದಳು. ಖಾಲಿ. ಪಕ್ಕದ ಮನೆಗೆ ಓಡಿದಳು, ಅಲ್ಲೂ ಖಾಲಿ. ನನಗೆ ತಿಳಿದ ಮಟ್ಟಿಗೆ ನಮ್ಮ ಓಣಿಯಲ್ಲಿ ಒಂದೇ ಒಂದು ಜಂಪರ್ ಪೀಸು ಇಲ್ಲದ ದಿನ ಅದೊಂದೇ. ತಿರುಗಿ ಬರುವಷ್ಟರಲ್ಲಿ ಅವ್ವ ತನ್ನ ಕೋಣೆಯಿಂದ ಹೊರಗೆ ಬಂದಿದ್ದಳು. ಕೈಯಲ್ಲಿ ಹಸಿರು ಖಣವಿತ್ತು.

"ಅತ್ತೀ, ಅದು ಬ್ಯಾಡ್ರಿ," ಎಂದು ಸುಧಾರಾಣಿ ಅವ್ವನ ಕೈ ಹಿಡಿದಳು.

ಅವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ನುಜಹತ ದುಪಟ್ಟಾ ಒಡ್ಡಿದಳು. ಅಕ್ಕಿ, ಕೊಬ್ಬರಿ, ಮೇಲೆ ಖಣ. ಅದನ್ನು ಇಟ್ಟ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

"ಎಷ್ಟ ಚಂದ ಐತ್ರಿ," ಎಂದಳು ನುಜಹತ. "ಇದರದು ಏನರ ಕಥಿ ಐತೇನ್ರಿ, ಅಮ್ಮಾರ?"

"ಏನೂ ಇಲ್ಲ ಬಿಡವಾ. ಮೊನ್ನೆ ಪ್ಯಾಟ್ಯಾಗ ತಂದದ್ದು."

ಖರೇ ಕೌದಿಯ ಬೋರ್ಡಿನ ಕೆಳಗೆ, ಎರಡು ವರ್ಷದಲ್ಲಿ, ಅದು ಮೊದಲನೆಯ ಸುಳ್ಳು. ಸುಧಾರಾಣಿ ಬಾಯಿ ತೆರೆದಳು. ಅವ್ವ ಅವಳನ್ನು ನೋಡಿದಳು. ಸುಧಾರಾಣಿ ಬಾಯಿ ಮುಚ್ಚಿದಳು.

"ನಾ ಇಂಥಾವು ಇಟ್ಟಕೊಂಡು ಕೂಡೂದಿಲ್ರಿ," ಎಂದು ನುಜಹತ ನಕ್ಕಳು. "ನಾಳೇನ ಟೇಲರಗ ಕೊಡತೇನಿ."

ಅವ್ವ ಗಾಬರಿಯಾದಳು. ಮೂವತ್ತೆರಡು ವರ್ಷದಲ್ಲಿ ಯಾರೂ ಕತ್ತರಿ ಹಾಕದ ಖಣ. ಗಾಡಿ ಚಾಲೂ ಆಯಿತು. ಅವ್ವ ನಾಲ್ಕು ಹೆಜ್ಜೆ ಓಡಿ ಅದರ ಕಿಟಕಿ ಹಿಡಿದುಕೊಂಡಳು. ಖಣವನ್ನು ತಿರುಗಿ ಕೇಳುತ್ತಾಳೆಂದು ನಾನು ತಿಳಿದೆ, ಕೇಳಲಿ ಎಂದೂ ಬೇಡಿಕೊಂಡೆ.

"ಹೊಲಿಸಿ ಹಾಕ್ಕೊಂಡು ಬಾರವಾ," ಎಂದಳು ಅವ್ವ. "ನೋಡತೇನಿ."